ಓದುಗರ ಪ್ರಶ್ನೆ: ನಂಬಿಕೆ, ಕ್ರಿಯೆ ಮತ್ತು ನ್ಯಾಯತೀರ್ಪು

ಪ್ರಶ್ನೆ: ಮೋಶೆಯ ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯ ನೀತಿವಂತನಾಗುತ್ತಾನೆ ಎನ್ನುತ್ತಾನೆ ಅಪೊಸ್ತಲ ಪೌಲ (ರೋಮಾಪುರದವರಿಗೆ 3:28). ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎನ್ನುತ್ತಾನೆ ಹೊಸ ಒಡಂಬಡಿಕೆಯ ಪತ್ರಿಕೆಯಲ್ಲಿ ಯಾಕೋಬ (2:24). ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಯಾರ ಮಾತನ್ನು ಹಿಡಿಯಬೇಕು?

ಉತ್ತರ: ಇಬ್ಬರದನ್ನೂ. ಪಕ್ಕದಲ್ಲಿ ಆದಿಕಾಂಡವನ್ನು ತೆರೆದಿಟ್ಟುಕೊಂಡು ಓದಿ, ಗಂಟು ಅಲ್ಲೇ ಸಡಿಲವಾಗುತ್ತದೆ. ಪೌಲ ಎತ್ತಿಕೊಳ್ಳುವುದು 15:6ನ್ನು. ಆಗ ಅಬ್ರಹಾಮನಿಗೆ ಮಕ್ಕಳೇ ಇಲ್ಲ. ದೇವರ ಮಾತನ್ನು ನಂಬಿದ, ಅಷ್ಟಕ್ಕೇ ನೀತಿವಂತನೆಂದು ಎಣಿಸಲ್ಪಟ್ಟ. ಮೊದಲ ಮಗ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86 ವರ್ಷ (16:16), ಸುನ್ನತಿಯಾದಾಗ 99 (17:24). ಎಂದರೆ ನೀತಿವಂತನೆಂದು ಎಣಿಸಲ್ಪಟ್ಟು 13 ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಸುನ್ನತಿ! ಯೆಹೂದ್ಯರಲ್ಲದವರು ಸುನ್ನತಿಯಿಲ್ಲದೆ ದೇವಜನರಾಗಬಹುದೇ ಎಂಬುದು ಪೌಲನ ಮುಂದಿದ್ದ ಮುಖ್ಯ ವ್ಯಾಜ್ಯ. ಈ ಕಾಲಕ್ರಮವೇ ಅವನ ವಾದದ ಬೆನ್ನೆಲುಬು.

ಯಾಕೋಬ ಎತ್ತಿಕೊಳ್ಳುವುದು 22ನೇ ಅಧ್ಯಾಯವನ್ನು, ಸೌದೆ ಹೊರುವಷ್ಟು ಬೆಳೆದಿದ್ದ ಮಗ ಇಸಾಕನನ್ನು ಅಬ್ರಹಾಮ ಅರ್ಪಿಸಲು ಹೋದ ಸಂದರ್ಭವನ್ನು. ಅಷ್ಟರಲ್ಲಿ ಎಷ್ಟೋ ವರ್ಷ ಕಳೆದಿವೆ. ಯಾಕೋಬನ ಎದುರಾಳಿಗಳೂ ಬೇರೆ: ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರನಿಗೆ ‘ಸಮಾಧಾನದಿಂದ ಹೋಗು’ ಎಂದು ಹೇಳಿ ಕೈತೊಳೆದುಕೊಳ್ಳುವವರು. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವಲ್ಲ ಎಂದು ಅವನು ಕೇಳುವುದು ಇವರನ್ನೇ. ದೇವರೊಡನೆ ಸಂಬಂಧ ಹೇಗೆ ಶುರುವಾಗುತ್ತದೆ ಎಂಬುದಕ್ಕೆ ಪೌಲನ ಉತ್ತರ. ಆ ನಂಬಿಕೆಗೆ ಜೀವವಿದೆಯೇ ಎಂಬುದಕ್ಕೆ ಯಾಕೋಬನದು.

ಸಾಮಾನ್ಯವಾಗಿ ಎಡವುವುದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ. ಕೃಪೆಯಿಂದಲೇ ರಕ್ಷಣೆ ಎನ್ನುವ 2:8-9 ಬಾಯಿಪಾಠವಾಗಿರುತ್ತದೆ. ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟಿದ್ದೇವೆ ಎನ್ನುವ 10ನೇ ವಚನ ಬಿಟ್ಟುಹೋಗುತ್ತದೆ. ದಯವಿಟ್ಟು ಮೂರನ್ನೂ ಒಟ್ಟಿಗೆ ಓದಿ.

ಪ್ರಶ್ನೆ: ಹಾಗಿದ್ದರೆ ಕಡೆಯ ತೀರ್ಪಿನಲ್ಲಿ ಕ್ರಿಯೆಗಳನ್ನೇಕೆ ನೋಡಬೇಕು? ಕಥೋಲಿಕರೂ ಪ್ರೊಟೆಸ್ಟೆಂಟರೂ ಬೇರೆಯಾಗುವುದು ಇಲ್ಲೇ ಏನು?

ಉತ್ತರ: ಮತ್ತಾಯ 25:31-46ರಲ್ಲಿ ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರು ಎಂದು ಆರು ಬಗೆಯವರಿಗೆ ಮಾಡಿದ ಸಹಾಯದ ಮಾತು ಬರುತ್ತದೆ. ತೀರ್ಪಿನಲ್ಲಿ ಸ್ವೀಕಾರ ಪಡೆದು ಬಲಗಡೆ ನಿಂತವರು ‘ಇದನ್ನೆಲ್ಲ ಯಾವಾಗ ಮಾಡಿದೆವು?’ ಎಂದು ಕೇಳುವುದನ್ನು ಗಮನಿಸಿ. ಅವರು ಲೆಕ್ಕ ಬರೆದಿಟ್ಟವರಲ್ಲ. ತಿರಸ್ಕೃತರಾದ ಎಡಗಡೆಯವರ ಮೇಲಿರುವ ಆರೋಪವೂ ಮಾಡಿದ ಕೇಡಿನದಲ್ಲ, ಮಾಡದೆ ಬಿಟ್ಟದ್ದರದು. ಪ್ರಕಟನೆ 20:12ರಲ್ಲಿ ಕ್ರಿಯೆಗಳನ್ನು ಬರೆದ ಪುಸ್ತಕಗಳ ಜೊತೆಗೆ ನಿತ್ಯಜೀವಕ್ಕೆ ಸೇರಿದವರ ಹೆಸರುಗಳಿರುವ ಜೀವಬಾಧ್ಯರ ಪಟ್ಟಿಯೂ ತೆರೆಯುತ್ತದೆ.

ಭಿನ್ನಾಭಿಪ್ರಾಯ ಇರುವುದು ನಿಜ. 1522ರ ತನ್ನ ಜರ್ಮನ್ ಅನುವಾದದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ರೋಮಾ 3:28ಕ್ಕೆ ‘ಮಾತ್ರ’ ಎಂಬ ಪದವನ್ನು ಸೇರಿಸಿದ. 1547ರ ಜನವರಿಯಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ, ಬೇರೇನೂ ಬೇಡ ಎಂಬರ್ಥದ ‘ನಂಬಿಕೆ ಮಾತ್ರ’ವನ್ನು ತಳ್ಳಿಹಾಕಿತು. ಆದರೆ ಆ ಸಭೆಯ ಅದೇ ನಿರ್ಣಯದ ಮೊದಲ ನಿಯಮ, ಕೃಪೆಯಿಲ್ಲದೆ ಸ್ವಂತ ಕ್ರಿಯೆಯಿಂದ ನೀತಿವಂತನಾಗಬಹುದು ಎನ್ನುವವರನ್ನೂ ಖಂಡಿಸುತ್ತದೆ. ಕಥೋಲಿಕರು ಪುಣ್ಯ ಕೊಟ್ಟು ಸ್ವರ್ಗ ಕೊಳ್ಳುತ್ತಾರೆ ಎಂದು ದೂರುವವರು ಈ ನಿಯಮವನ್ನು ಓದಲೇಬೇಕು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ಸ್ವೀಕರಿಸುತ್ತಾನೆ, ಪವಿತ್ರಾತ್ಮನು ಸತ್ಕ್ರಿಯೆಗಳಿಗೆ ಶಕ್ತಿ ಕೊಡುತ್ತಾನೆ. ಕೃಪೆಯಲ್ಲಿ ಮಾಡಿದ ಕ್ರಿಯೆಗೆ ಪ್ರತಿಫಲವುಂಟೇ, ಸತ್ತ ಮೇಲೆ ಶುದ್ಧೀಕರಣದ ಸ್ಥಿತಿಯಿದೆಯೇ ಎಂಬ ವಿಷಯಗಳಲ್ಲಿ ಭೇದ ಉಳಿದಿದೆ.

ಪ್ರಶ್ನೆ: ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದು ಸ್ವರ್ಗದ ವಾಗ್ದಾನ ಪಡೆದ ಅಪರಾಧಿಗೆ ಯಾವ ಸತ್ಕ್ರಿಯೆ ಇತ್ತು?

ಉತ್ತರ: ಸಮಯವಿರಲಿಲ್ಲ, ನಿಜ. ಆದರೂ ಲೂಕ 23:40-42ರಲ್ಲಿ ಅವನು ತನ್ನ ತಪ್ಪನ್ನು ಒಪ್ಪಿಕೊಂಡ, ನಿಂದಿಸುತ್ತಿದ್ದ ಜೊತೆಗಾರನನ್ನು ಗದರಿಸಿದ, ಯೇಸು ನಿರಪರಾಧಿ ಎಂದ. ಅವನ ಕೈಯಲ್ಲಿ ಸಾಧ್ಯವಿದ್ದದ್ದು ಅಷ್ಟೇ.