ಮಂಜುಗಡ್ಡೆಯಿಂದ ಹಬೆಯವರೆಗೆ: ನಿಮ್ಮ ಲೆಕ್ಕ ತಪ್ಪಿದ್ದು ಎಲ್ಲಿ?

−10 ಡಿಗ್ರಿ ಸೆಲ್ಸಿಯಸ್‌ನ 10 ಗ್ರಾಂ ಮಂಜುಗಡ್ಡೆ 100 ಡಿಗ್ರಿಯ ಹಬೆಯಾಗಲು ಎಷ್ಟು ಉಷ್ಣ ಬೇಕು, ನಿಮಗೆ ಬಂದ 4,598 ಜೂಲ್ ಯಾಕೆ ತಪ್ಪು ಅಂತ ಕೇಳಿದ್ದೀರಿ. ನೀರು ಸರಿಯಾಗಿ 100ಕ್ಕೇ ಯಾಕೆ ಕುದಿಯಬೇಕು ಅಂತಲೂ ಕೇಳಿದ್ದೀರಿ.

ನೀವು 10 × 4.18 × 110 ಅಂತ ಒಂದೇ ಸಲಕ್ಕೆ ಗುಣಿಸಿದ್ದೀರಿ ಅಲ್ವಾ? (4.18 ಅಂದರೆ ಒಂದು ಗ್ರಾಂ ನೀರಿನ ತಾಪ ಒಂದು ಡಿಗ್ರಿ ಏರಲು ಬೇಕಾದ ಜೂಲ್.) ಗುಣಾಕಾರ ಸರಿಯಿದೆ. ಆದರೆ ಆ ಸೂತ್ರ ತಾಪ ಏರುವಾಗ ಮಾತ್ರ ನಡೆಯುತ್ತದೆ. ಕರಗುವಾಗ, ಕುದಿಯುವಾಗ ತಾಪ ಏರುವುದೇ ಇಲ್ಲ. ಕೊಟ್ಟ ಉಷ್ಣವೆಲ್ಲ ಅಣುಗಳ ಹಿಡಿತ ಬಿಡಿಸುವುದಕ್ಕೇ ಹೋಗುತ್ತದೆ. ಥರ್ಮಾಮೀಟರಿಗೆ ಕಾಣದ ಈ ಉಷ್ಣವೇ ಗುಪ್ತೋಷ್ಣ.

ಹಾಗಾಗಿ ಲೆಕ್ಕವನ್ನು ತುಂಡು ಮಾಡಿ. ಮಂಜುಗಡ್ಡೆ 0 ಡಿಗ್ರಿಗೆ ಬರಲು 10 × 2.09 × 10, ಅಂದರೆ 209 ಜೂಲ್. ಇಲ್ಲಿ 4.18 ಹಾಕಬೇಡಿ, ಅದು ನೀರಿನದು; ಮಂಜುಗಡ್ಡೆಯದು 2.09. ಕರಗಲು ಗ್ರಾಮಿಗೆ 334 ಜೂಲ್ ಗುಪ್ತೋಷ್ಣ ಬೇಕು: 10 × 334, ಅಂದರೆ 3,340. ನೀರು 0ಯಿಂದ 100ಕ್ಕೆ ಏರಲು 4,180. ಹಬೆಯಾಗಲು ಗ್ರಾಮಿಗೆ 2,260 ಬೇಕು: 10 × 2,260, ಅಂದರೆ 22,600. ಒಟ್ಟು 30,329 ಜೂಲ್. ಕೊನೆಯ ಹಂತ ಒಂದೇ ಮುಕ್ಕಾಲು ಪಾಲು ನುಂಗಿದೆ ನೋಡಿ! ನೀವು ಬಿಟ್ಟಿದ್ದು ಅದನ್ನೇ, ಜೊತೆಗೆ ಕರಗುವ ಹಂತವನ್ನೂ.

ಪುಸ್ತಕದಲ್ಲಿ ಹಬೆಯಾಗುವ ಗುಪ್ತೋಷ್ಣವನ್ನು ಮೋಲಿಗೆ 40.7 ಕಿಲೋಜೂಲ್ ಅಂತ ಕೊಟ್ಟಿದ್ದರೆ ಮೊದಲು 10 ಗ್ರಾಮನ್ನು 18ರಿಂದ ಭಾಗಿಸಿ (ಒಂದು ಮೋಲ್ ನೀರು ಅಂದರೆ 18 ಗ್ರಾಂ), ಆಮೇಲೆ 40.7ರಿಂದ ಗುಣಿಸಿ. ಉತ್ತರ ಅದೇ ಬರುತ್ತದೆ.

ಇನ್ನು ಕುದಿಯುವ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು. ಗಾಜಿನ ಬೀಕರಿನಲ್ಲಿ ನೀರು ಕಾಯಿಸುತ್ತಾ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಮೊದಲು ಏಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ. ಆಮೇಲೆ ತಳದಲ್ಲಿ ಹಬೆಯ ಗುಳ್ಳೆಗಳು ಹುಟ್ಟುತ್ತವೆ. ಮೇಲಿನ ನೀರು ಇನ್ನೂ ಅಷ್ಟು ಕಾದಿಲ್ಲ. ಅದಕ್ಕೇ ಅವು ಅರ್ಧ ದಾರಿಯಲ್ಲೇ ಕುಗ್ಗಿ ಮಾಯವಾಗುತ್ತವೆ. ಕುದಿಯುವ ಮುಂಚೆ ಕೇಳುವ ಆ 'ಸೊಂಯ್' ಸದ್ದು ಬಹುಪಾಲು ಇದರದ್ದೇ.

ಗುಳ್ಳೆಯೊಳಗಿನ ಆವಿ ಹೊರಕ್ಕೆ ಒತ್ತುತ್ತದೆ, ವಾತಾವರಣ ಒಳಕ್ಕೆ ಒತ್ತುತ್ತದೆ. 25 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಸುಮಾರು 24 ಮಿಲಿಮೀಟರ್ ಪಾದರಸ ಅಷ್ಟೇ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 760. ಗುಳ್ಳೆ ಉಳಿಯುವುದು ಹೇಗೆ? 100 ಡಿಗ್ರಿಯಲ್ಲಿ ಆವಿ ಒತ್ತಡವೂ 760 ಮುಟ್ಟುತ್ತದೆ. ಆಗ ಗುಳ್ಳೆ ಮೇಲಿನವರೆಗೂ ಬಂದು ಒಡೆಯುತ್ತದೆ. ಅದೇ ಕುದಿಯುವುದು.

ಅಂದರೆ ಹೊರಗಿನ ಒತ್ತಡ ಇಳಿಸಿದರೂ ಸಾಕು. ಗಟ್ಟಿ ಫ್ಲಾಸ್ಕಿನಿಂದ ವ್ಯಾಕ್ಯೂಮ್ ಪಂಪಿನಲ್ಲಿ ಗಾಳಿ ಎಳೆದರೆ 25 ಡಿಗ್ರಿಯ ನೀರೂ ಕುದಿಯುತ್ತದೆ. ಕೆಳಗೆ ಉರಿಯೇ ಇಲ್ಲ, ಹಾಗಾದರೆ ಗುಪ್ತೋಷ್ಣ ಎಲ್ಲಿಂದ? ನೀರಿನಿಂದಲೇ. ಕುದಿಯುತ್ತಾ ಕುದಿಯುತ್ತಾ ಆ ನೀರು ತಣ್ಣಗಾಗುತ್ತದೆ.