ದೊಡ್ಡ ಪ್ಲಾನ್‌ಗೆ ಹೋಗುವ ಮುಂಚೆ ಒಂದು ಕೇಬಲ್ ಹಾಕಿ ನೋಡಿ

ಅಕ್ಕ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 200 ಎಂಬಿಪಿಎಸ್ ಪ್ಲಾನ್ ಇದೆ. ಆದರೂ ನಮ್ಮ ಫೋಟೊ ಗುಂಪಿನ ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ಮಧ್ಯೆ ಮಧ್ಯೆ ನಿಂತುಬಿಡುತ್ತದೆ, ಫೋಟೊ ಅಪ್‌ಲೋಡ್ ಮುಗಿಯುವುದೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ 300ರ ಪ್ಲಾನ್‌ಗೆ ಹೋಗಿ ಅಂತಾರೆ, ಹೋಗಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ತೊಂದರೆ ಮನೆಗೆ ಬರುವ ಲೈನಿನಲ್ಲಿದೆಯೋ, ಮನೆಯೊಳಗಿನ ವೈಫೈನಲ್ಲಿದೆಯೋ ಅಂತ ಮೊದಲು ಗೊತ್ತಾಗಲಿ. ವೈಫೈ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ನಿಮ್ಮ ಹಿಂದಿನ ಕೋಣೆಗೆ ಸಿಗುವುದು ಈಗ ಸಿಗುವಷ್ಟೇ.

ಹೀಗೆ ಮಾಡಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ರೌಟರ್‌ನಿಂದ ನೇರ ಲ್ಯಾನ್ ಕೇಬಲ್ ಹಾಕಿ. ಮನೆಯ ಉಳಿದ ಫೋನು, ಟಿವಿ ಎಲ್ಲ ನೆಟ್‌ನಿಂದ ತೆಗೆಯಿರಿ. ಆಮೇಲೆ ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ನಾವು ಕಳಿಸಿದ್ದು ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಮೂರನ್ನೂ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಂದು ಸಲ. ನಂತರ ಕೇಬಲ್ ತೆಗೆದು ವೈಫೈನಲ್ಲಿ ರೌಟರ್ ಪಕ್ಕದಲ್ಲೇ ನಿಂತು ಅದೇ ಟೆಸ್ಟ್, ಕೊನೆಗೆ ಹಿಂದಿನ ಕೋಣೆಯಲ್ಲಿ. ಕೇಬಲ್‌ನಲ್ಲಿ 190 ಬಂದು ಹಿಂದಿನ ಕೋಣೆಯಲ್ಲಿ 12 ಬಂದರೆ ತಪ್ಪು ಲೈನಿನದ್ದಲ್ಲ. ಕೇಬಲ್‌ನಲ್ಲೇ 40 ಬಂದರೆ ಮಾತ್ರ ಕಂಪನಿಯವರನ್ನು ಕೇಳಬೇಕು.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಮ್ಮ ಮನೆಯಲ್ಲೂ 200ರ ಪ್ಲಾನ್ ಇತ್ತು. ಯಾವಾಗ ಟೆಸ್ಟ್ ಮಾಡಿದರೂ 94. ಬೆಳಿಗ್ಗೆ 94, ಮಧ್ಯರಾತ್ರಿ 94. ಸುಮಾರು ಒಂದು ವರ್ಷ ಪೂರ್ತಿ ದುಡ್ಡು ಕಟ್ಟಿ ಅರ್ಧ ಸ್ಪೀಡ್ ಬಳಸಿದೆವು. ಕೊನೆಗೆ ಸಿಕ್ಕಿದ್ದು, ಫೈಬರ್ ಬರುವ ಡಬ್ಬಿಯಿಂದ ರೌಟರ್‌ಗೆ ಹೋಗುವ ಗಿಡ್ಡ ಕೇಬಲ್. ಬೀರು ಸರಿಸುವಾಗ ಅದರ ಕಾಲಿನಡಿ ಸಿಕ್ಕಿ ಚಪ್ಪಟೆಯಾಗಿತ್ತು. ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ ಇರುತ್ತವೆ. 1000 ಎಂಬಿಪಿಎಸ್‌ಗೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು. ಹಾಗಾಗಿ ಉಳಿದೆರಡರಲ್ಲಿ ಒಂದು ಜೋಡಿ ತುಂಡಾದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಅದರಲ್ಲಿ ಸ್ವಲ್ಪ ಖರ್ಚಾಗಿ ಟೆಸ್ಟ್‌ನಲ್ಲಿ 94-95 ಕಾಣುತ್ತದೆ. ನಿಮಗೂ ಈ ನಂಬರ್ ಕಂಡರೆ ಬೇರೇನೂ ಯೋಚಿಸಬೇಡಿ, ಮೊದಲು ಕೇಬಲ್ ಬದಲಿಸಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಕೇಬಲ್ ಮೇಲೇ ಅಚ್ಚಾಗಿರುತ್ತದೆ, ಎರಡರಲ್ಲಿ ಯಾವುದಾದರೂ ಆದೀತು. ಬದಲಿಸಿದ ಮೇಲೂ 94ರಲ್ಲೇ ನಿಂತರೆ ರೌಟರ್‌ನ ಪೋರ್ಟೇ 100ರದ್ದು ಇರಬಹುದು, ಹಳೆಯ ರೌಟರ್‌ಗಳಲ್ಲಿ ಅದು ಸಾಮಾನ್ಯ.

ಈಗ ಅಪ್‌ಲೋಡ್ ವಿಷಯ. ನಿಮ್ಮ ತೊಂದರೆಯ ಬುಡ ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಪ್ಲಾನ್ ಹೆಸರಿನಲ್ಲಿ ದೊಡ್ಡದಾಗಿ ಕಾಣುವ 200 ಡೌನ್‌ಲೋಡ್‌ದು. ಕೆಲವು ಪ್ಲಾನ್‌ಗಳಲ್ಲಿ ಅಪ್‌ಲೋಡ್ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ನೀವು ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ದೊಡ್ಡ ಮೂಲ ಫೈಲ್ ಕಳಿಸುವವರು. ಒಂದೊಂದು 25 ಎಂಬಿ ಅಂದುಕೊಂಡರೆ 40 ಫೋಟೊಗೆ 1000 ಎಂಬಿ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಫೈಲ್ ಲೆಕ್ಕ ಬೈಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ಹಾಗಾಗಿ 1000 ಎಂಬಿ ಅಂದರೆ 8000 ಮೆಗಾಬಿಟ್. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ 800 ಸೆಕೆಂಡ್, ಹದಿಮೂರು ನಿಮಿಷದ ಮೇಲೆ. 100 ಇದ್ದರೆ 80 ಸೆಕೆಂಡ್. 300ರ ಪ್ಲಾನ್‌ನಲ್ಲೂ ಅಪ್‌ಲೋಡ್ ಅದೇ 10 ಇದ್ದರೆ ನೀವು ಜಾಸ್ತಿ ಕೊಟ್ಟ ದುಡ್ಡು ನಿಮ್ಮ ಕೆಲಸಕ್ಕೆ ಬರುವುದೇ ಇಲ್ಲ. ಕಂಪನಿಯವರನ್ನು "ಅಪ್‌ಲೋಡ್ ಎಷ್ಟು?" ಅಂತ ನೇರವಾಗಿ ಕೇಳಿ, ಉತ್ತರ ಮೆಸೇಜ್‌ನಲ್ಲಿ ತರಿಸಿಕೊಳ್ಳಿ.

ಕಾಲ್ ನಡೆಯುವಾಗ ಮುಖ ನಿಲ್ಲುವುದಕ್ಕೂ ಇದೇ ಕಾರಣ ಇರಬಹುದು. ಮನೆಯವರ ಫೋನ್‌ಗಳಲ್ಲಿ ಫೋಟೊ ಬ್ಯಾಕಪ್ ಆನ್ ಇದೆಯಾ ನೋಡಿ. ಫೋನ್ ಚಾರ್ಜಿಗೆ ಹಾಕಿ ವೈಫೈ ಸಿಕ್ಕ ಕೂಡಲೇ ದಿನದ ಫೋಟೊ, ವಿಡಿಯೊ ಎಲ್ಲ ಮೇಲಕ್ಕೆ ಹೋಗಲು ಶುರು. ಅಪ್‌ಲೋಡ್ ದಾರಿ ತುಂಬಿಹೋದರೆ ನಿಮ್ಮ ಮುಖ, ಮಾತು ಎರಡೂ ಸಾಲಿನಲ್ಲಿ ಕಾಯಬೇಕು. ಇನ್ನೊಂದು, ಡೌನ್‌ಲೋಡ್ ಆಗುವಾಗಲೂ "ಬಂತು, ಬಂತು" ಅಂತ ನಮ್ಮ ಕಡೆಯಿಂದ ಸಣ್ಣ ಉತ್ತರಗಳು ಹೋಗುತ್ತಲೇ ಇರಬೇಕು. ಅವೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುವುದರಿಂದ ಡೌನ್‌ಲೋಡ್ ಕೂಡ ಕುಂಟುತ್ತದೆ. ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಬಿಟ್ಟು ಪಿಂಗ್ ನೋಡಿ. ಸುಮ್ನೆ ಇದ್ದಾಗ 15 ಮಿಲಿಸೆಕೆಂಡ್ ಇದ್ದದ್ದು 400, 500ಕ್ಕೆ ಹಾರಿದರೆ ಕಾರಣ ಸಿಕ್ಕಿತು. ಬ್ಯಾಕಪ್ ಅನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ನಡೆಯಲು ಬಿಡಿ. ರೌಟರ್ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ (ಯಾವುದು ಮೊದಲು, ಎಷ್ಟು ಹೋಗಬೇಕು ಅಂತ ಹಿಡಿತದಲ್ಲಿಡುವ ಸೌಲಭ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಸಿಗುವುದಕ್ಕಿಂತ ಸ್ವಲ್ಪ ಕಮ್ಮಿ, 10 ಸಿಗುತ್ತಿದ್ದರೆ 9 ಅಂತ ಇಡಿ. ಕಮ್ಮಿ ಮಾಡಿದರೆ ಚೆನ್ನಾಗಿ ಓಡುತ್ತದೆ ಅಂದರೆ ನಂಬಲು ಕಷ್ಟ ಅಲ್ವಾ, ಆದರೆ ಆ ಕಾಯುವ ಸಾಲು ಬೆಳೆಯದಂತೆ ತಡೆಯುವುದೇ ಅದು.

ವೈಫೈದೇ ತೊಂದರೆ ಅಂತ ಕಂಡರೆ ಮೊದಲು ರೌಟರ್ ಇಟ್ಟ ಜಾಗ ನೋಡಿ. ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ಕಪಾಟಿನ ಒಳಗೆ ಇದ್ದರೆ ತೆಗೆದು ಮನೆಯ ಮಧ್ಯಕ್ಕೆ ಎದೆಮಟ್ಟದ ಎತ್ತರದಲ್ಲಿ ಇಡಿ. ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಕೂಡ ಸಿಗ್ನಲ್‌ಗೆ ಅಡ್ಡ. ವೈಫೈ ಸಾಮಾನ್ಯವಾಗಿ ಎರಡು ಅಲೆಗಳಲ್ಲಿ ಬರುತ್ತದೆ: 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ ಆದರೆ ನಿಧಾನ, 5 ವೇಗ ಆದರೆ ಗೋಡೆ ದಾಟಲು ಕಷ್ಟ. ಮೈಕ್ರೊವೇವ್ ಓಡುವುದೂ ಹೆಚ್ಚುಕಮ್ಮಿ 2.4ರ ಜಾಗದಲ್ಲೇ, ಅದಕ್ಕೇ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕಾಲ್ ಒಡೆಯುವುದುಂಟು. ಅಕ್ಕಪಕ್ಕದ ಮನೆಗಳ ವೈಫೈ ಜಾಸ್ತಿ ಇದ್ದರೆ 2.4ರ ಚಾನೆಲ್ ಅನ್ನು 1, 6, 11 ಇವುಗಳಲ್ಲೇ ಒಂದಕ್ಕೆ ಇಡಿ. ಇವು ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತರುತ್ತೇನೆ ಅಂದಿದ್ದೀರಿ. ಅಗ್ಗದ್ದು ಬೇಡ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳಬೇಕಾದ್ದರಿಂದ ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಅದರ ಬದಲು ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್‌ವರೆಗೆ ಚಿಂತೆ ಇಲ್ಲ. ಹಳೆಯ ರೌಟರ್ ಒಂದಿದ್ದರೆ ಅಲ್ಲಿ ಆ ಕೇಬಲ್‌ಗೆ ಸಿಕ್ಕಿಸಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಲ್ಲಿ ಬಂದ ನೆಟ್ ಅನ್ನು ವೈಫೈ ಆಗಿ ಕೊಡುವುದಷ್ಟೇ ಅದರ ಕೆಲಸ) ಹಾಕಿದರೆ ಸಾಕು. ನೀವು ಎಡಿಟ್ ಮಾಡುವ ಕಂಪ್ಯೂಟರ್ ಇರುವುದೂ ಅಲ್ಲೇ, ಅದಕ್ಕೆ ನೇರ ಕೇಬಲ್ಲೇ ಕೊಡಿ.

ಕೇಬಲ್‌ನಲ್ಲಿ ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬೀಳುತ್ತಿದ್ದರೆ ಅದು ಲೈನ್ ಹಂಚಿಕೆಯ ತೊಂದರೆ ಇರಬಹುದು. ಫೈಬರ್‌ನಲ್ಲಿ ಒಂದೇ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುವುದು ಮಾಮೂಲು. ಒಂದು ವಾರದ ನಂಬರ್‌ಗಳನ್ನು ಸಮಯದ ಜೊತೆ ಬರೆದು, ಕೇಬಲ್ ಹಾಕಿ ಮಾಡಿದ ಟೆಸ್ಟ್ ಅಂತ ತಿಳಿಸಿ ದೂರು ಕೊಡಿ, ದೂರಿನ ನಂಬರ್ ಇಟ್ಟುಕೊಳ್ಳಿ. ಬರೀ "ಸ್ಲೋ ಇದೆ" ಅಂದರೆ "ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರವೇ ಬರುತ್ತದೆ. ಡಬ್ಬಿಯಲ್ಲಿ ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಅಂತ. ಫೈಬರ್ ಎಲ್ಲಾದರೂ ಮಡಚಿಕೊಂಡಿದ್ದರೆ ಮೆಲ್ಲಗೆ ಬಿಡಿಸಿ. ಬಿಚ್ಚಿದ ಫೈಬರ್ ತುದಿಯೊಳಗೆ ಮಾತ್ರ ಕಣ್ಣಿಟ್ಟು ನೋಡಬೇಡಿ, ಅದರ ಲೇಸರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ.

ಇವತ್ತು ರಾತ್ರಿ ಕೇಬಲ್ ಹಾಕಿ ಟೆಸ್ಟ್ ಮಾಡಿದ ಮೇಲೆ ಮೂರು ನಂಬರ್ ಇಲ್ಲೇ ಹಾಕಿ. ಜೊತೆಗೆ ರೌಟರ್ ಇಟ್ಟಿರುವ ಜಾಗದ ಒಂದು ಫೋಟೊ ಕೂಡ. ನೋಡಿ ಹೇಳುತ್ತೇನೆ.