ನೀರಹನಿ ಉರುಳುವುದು ಏಕೆಂದು ಮೊದಲು ಹೇಳಿ

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ನೀರು ಅಂಟದ ನ್ಯಾನೋ ನೂಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ನೀವು ಸಾಕಷ್ಟು ಓದಿಕೊಂಡಿದ್ದೀರಿ, ಅದು ಕಾಣುತ್ತದೆ. ಆದರೆ ಓದಿದ್ದು ಇನ್ನೂ ನಿಮ್ಮ ಮಾತಾಗಿಲ್ಲ.

ಮೊದಲ ವಾಕ್ಯವನ್ನೇ ನೋಡಿ: ‘ವಿದ್ಯುತ್ ನೂಲುವಿಕೆಯಿಂದ ಉತ್ಪಾದಿಸಲ್ಪಟ್ಟ ನ್ಯಾನೋಸಂಯುಕ್ತ ತಂತುಗಳಿಂದ ಅತಿಜಲವಿಕರ್ಷಕ ಗುಣವು ಪ್ರದರ್ಶಿಸಲ್ಪಡುತ್ತದೆ.’ ಇದನ್ನು ಗಟ್ಟಿಯಾಗಿ ಓದಿ, ಉಸಿರು ಕಟ್ಟುತ್ತದೆ. ಈ ‘ಪಟ್ಟ’, ‘ಪಡುತ್ತದೆ’ಗಳನ್ನೆಲ್ಲ ಕಿತ್ತುಹಾಕಿ, ಅಲ್ಲಿ ಏನು ನಡೆಯುತ್ತದೆ ಎಂದು ಬರೆಯಿರಿ. ಸಿರಿಂಜಿನಲ್ಲಿ ಕರಗಿಸಿದ ಪ್ಲಾಸ್ಟಿಕ್ ಇದೆ. ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡುತ್ತಾರೆ. ತುದಿಯಲ್ಲಿ ತೂಗುವ ಹನಿ ಶಂಕುವಿನಂತೆ ಚೂಪಾಗುತ್ತದೆ. ಅದರಿಂದ ಎಳೆಯೊಂದು ಚಿಮ್ಮಿ, ಚಾವಟಿಯಂತೆ ಸುತ್ತಿ ಸುತ್ತಿ ತೆಳುವಾಗುತ್ತದೆ. ದ್ರಾವಕ ಆರಿಹೋಗಿ, ಕೂದಲಿಗಿಂತ ನೂರಾರು ಪಟ್ಟು ಸಪೂರವಾದ ನೂಲು ಎದುರಿನ ಲೋಹದ ತಗಡಿನ ಮೇಲೆ ಬಲೆಯಾಗಿ ಬೀಳುತ್ತದೆ. ದ್ರಾವಣದಲ್ಲಿ ಸಿಲಿಕಾದ ನ್ಯಾನೋ ಕಣಗಳನ್ನು ಬೆರೆಸಿದ್ದರೆ ನೂಲಿನ ಮೈ ತರಿತರಿಯಾಗುತ್ತದೆ. ಇಷ್ಟು ಸೊಗಸಾದ ದೃಶ್ಯವನ್ನು ನೀವು ಒಂದೇ ವಾಕ್ಯದಲ್ಲಿ ಹೂತುಬಿಟ್ಟಿದ್ದೀರಿ.

ಎರಡನೆಯ ಪುಟದ ತಪ್ಪು ಭಾಷೆಯದ್ದಲ್ಲ. ‘ನ್ಯಾನೋ ಕಣಗಳು ನೀರನ್ನು ದೂರ ತಳ್ಳುತ್ತವೆ’ ಎಂದಿದ್ದೀರಿ. ಬರಿಯ ಸಿಲಿಕಾ ನೀರನ್ನು ತಳ್ಳುವುದಿಲ್ಲ, ಎಳೆದುಕೊಳ್ಳುತ್ತದೆ. ಅದಕ್ಕೇ ಕಣಗಳಿಗೆ ನೀರೊಲ್ಲದ ರಾಸಾಯನಿಕದ ಲೇಪ ಕೊಡುತ್ತಾರೆ. ಲೇಪ ಮಾತ್ರವೂ ಸಾಲದು: ನುಣುಪಾದ ಮೇಲ್ಮೈಗೆ ಫ್ಲೋರಿನ್ ಲೇಪ ಹಚ್ಚಿದರೂ ಹನಿಯ ಸ್ಪರ್ಶಕೋನ, ಅಂದರೆ ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ, ಸುಮಾರು 120 ಡಿಗ್ರಿಗೆ ನಿಲ್ಲುತ್ತದೆ. ಈ ಕೋನ ದೊಡ್ಡದಾದಷ್ಟೂ ಹನಿ ದುಂಡಗೆ ನಿಲ್ಲುತ್ತದೆ. ನೀವು ‘ಅತಿಜಲವಿಕರ್ಷಕ’ ಎನ್ನಬೇಕಾದರೆ ಅದು 150 ದಾಟಬೇಕು. ಅದಕ್ಕೆ ಒರಟುತನ ಬೇಕು, ಆ ಒರಟಿನ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು. ಹನಿ ಹೆಚ್ಚುಪಾಲು ಗಾಳಿಯ ಮೇಲೆಯೇ ಕೂತಿರುತ್ತದೆ. ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬ ವಿಜ್ಞಾನಿಗಳು 1944ರಲ್ಲೇ ಇದರ ಲೆಕ್ಕ ಕೊಟ್ಟರು. 2004ರಲ್ಲಿ ಚೀನಾದ ಲೇ ಜಿಯಾಂಗ್ ತಂಡ, ನಮ್ಮ ಥರ್ಮೋಕೋಲ್ ಆಗುವ ಅದೇ ಪಾಲಿಸ್ಟೈರೀನಿನಿಂದ ಮಣಿ ಮತ್ತು ನೂಲು ಹೆಣೆದುಕೊಂಡ ಹೊದಿಕೆ ಮಾಡಿ 160 ಡಿಗ್ರಿ ಮುಟ್ಟಿತು. ನಿಮ್ಮ ಲೇಖನದ ಹೃದಯ ಈ ಗಾಳಿ. ಅದರ ಹೆಸರೇ ಎಲ್ಲೂ ಬಂದಿಲ್ಲ.

ಕೋನ ದೊಡ್ಡದಾದ ಮಾತ್ರಕ್ಕೆ ಹನಿ ಉರುಳುತ್ತದೆ ಎಂದೂ ಬರೆಯಬೇಡಿ. ಗುಲಾಬಿ ಎಸಳಿನ ಮೇಲೆ ಹನಿ ಮುತ್ತಿನಂತೆ ದುಂಡಗೆ ನಿಲ್ಲುತ್ತದೆ, ಎಸಳನ್ನು ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ತಾವರೆ ಎಲೆಯನ್ನು ಹತ್ತು ಡಿಗ್ರಿಯೂ ವಾಲಿಸಬೇಕಿಲ್ಲ, ಹನಿ ಜಾರಿಹೋಗುತ್ತದೆ. ಸ್ಪರ್ಶಕೋನ, ಹನಿ ಜಾರಲು ಬೇಕಾದ ವಾಲು, ಎರಡನ್ನೂ ಅಳೆಯಬೇಕು.

‘ಇನ್ನು ಕೊಡೆಗೆ ಕೆಲಸವಿಲ್ಲ’ ಎಂಬ ಕೊನೆಯ ಸಾಲನ್ನು ತೆಗೆಯಿರಿ. ಉಜ್ಜಿದರೆ ಆ ಸೂಕ್ಷ್ಮ ತರಿಗಳು ಸವೆಯುತ್ತವೆ, ಒತ್ತಡ ಬಿದ್ದರೆ ನೀರು ಒಳನುಗ್ಗಿ ಗಾಳಿಯನ್ನು ಹೊರದಬ್ಬುತ್ತದೆ. ಓದುಗರಿಗೆ ಇದನ್ನು ಮುಚ್ಚಿಡುವುದು ಸರಿಯಲ್ಲ.

ಕೆಸುವಿನ ಎಲೆಯೊಂದನ್ನು, ಗುಲಾಬಿ ಎಸಳೊಂದನ್ನು ತನ್ನಿ. ಎರಡರ ಮೇಲೂ ಹನಿ ಬಿಟ್ಟು, ನಿಧಾನವಾಗಿ ವಾಲಿಸಿ ನೋಡಿ. ಆಮೇಲೆ ಕೆಸುವಿನ ಎಲೆಯನ್ನು ಬೆರಳಿನಿಂದ ಚೆನ್ನಾಗಿ ತಿಕ್ಕಿ ಮತ್ತೆ ಹನಿ ಬಿಡಿ. ಕಂಡದ್ದರಿಂದಲೇ ಲೇಖನ ಶುರುವಾಗಲಿ. ಎಂಟುನೂರು ಪದ ಸಾಕು. ಕಳುಹಿಸಿ, ಕಾಯುತ್ತಿರುತ್ತೇನೆ.

ಸಂಪಾದಕ